ಬಾನೆಟ್ಟಿಗೆ ಕಿವಿಯಾದ ಚಾಚಿ

ಮೊನ್ನೆ ನಮ್ಮ ಅಂಗಡಿಯಲ್ಲಿ ಹೊಂಗೆ ಎಣ್ಣೆಯ ಕ್ಯಾನು ಉರುಳಿತು. ಗುಂಡ್ಲುಪೇಟೆಯಲ್ಲಿ ನನ್ನದು ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿ; ಅಲ್ಲಿ ಏನು ಚೆಲ್ಲಿದರೂ ಮೂಗು ಮುಚ್ಚಿಕೊಳ್ಳಬೇಕು. ಹೊಂಗೆ ಎಣ್ಣೆಗೆ ಮಾತ್ರ ನಾನು ಮೂಗು ಮುಚ್ಚುವುದಿಲ್ಲ. ಆ ಕಹಿ ಘಾಟು ಹಬ್ಬಿದ ಕೂಡಲೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಅಪ್ಪನ ಮಿಲಿಟರಿ ಜೀಪನ್ನು ಹೊಡೆದುಕೊಂಡು ಬಂದ ಆ ಬೆಳಗ್ಗೆ ಕಣ್ಣ ಮುಂದೆ ಬಂದು ನಿಂತಿತು...

ಆ ದಾರಿಯಲ್ಲಿ ಏನೇನು ಕೆಡಬಹುದಿತ್ತು ಎಂಬುದು ನನಗೆ ಈಗಲೂ ಬಾಯಿಪಾಠ. ಬಾನೆಟ್ಟಿನ ಕೊಕ್ಕೆ ಕಳಚಿ, ಬಾನೆಟ್ಟು ಎದ್ದು ನನ್ನ ಮುಖಕ್ಕೇ ಬಡಿಯಬಹುದಿತ್ತು. ಪೆಟ್ರೋಲ್ ಟ್ಯಾಂಕು ಸೋರಬಹುದಿತ್ತು. ಆ ಕಾಲದ ಜೀಪುಗಳಲ್ಲಿ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೆ. ಯುದ್ಧಕ್ಕೆ ಹೋಗುವವನಿಗೆ ಇನ್ನೊಂದು ಭಯ ಹೆಚ್ಚೇನಲ್ಲ ಎಂದುಕೊಂಡರೋ ಏನೋ. ನಾನು ಯುದ್ಧಕ್ಕೆ ಹೋಗುವವನಲ್ಲ, ಮನೆಗೆ ಹೋಗುವವನು. ಹೊಸದಾಗಿ ಕೂರಿಸಿದ ತಳದ ತಗಡು ಬಿಟ್ಟುಕೊಂಡು ನನ್ನ ಕಾಲು ರಸ್ತೆಗೆ ತಾಗಬಹುದಿತ್ತು. ಬ್ರೇಕು ಕೈಕೊಡಬಹುದಿತ್ತು. ಎದುರಿಗೆ ಕೇರಳದಲ್ಲಿ ತರಕಾರಿ ಇಳಿಸಿ ವಾಪಸಾಗುವ ಲಾರಿ ಬರಬಹುದಿತ್ತು. ಪೊಲೀಸರು ಕೈ ಅಡ್ಡ ಹಿಡಿದು, ಕಾಗದ ನೋಡಿ ನಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಾನೆಟ್ಟು ದಾರಿಯುದ್ದಕ್ಕೂ ಬಡಬಡ ಬಡಿದುಕೊಳ್ಳಬಹುದಿತ್ತು. ಹಾಗಾಗಿದ್ದರೆ ಹಿಂದೆ ಕೂತಿದ್ದ ಇಬ್ಬರು ವಯಸ್ಸಾದವರ ಅನ್ನ ಅಲ್ಲಿಗೆ ಮುಗಿಯುತ್ತಿತ್ತು.

ಇದರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬೇರೆ, ತೀರಾ ಸಣ್ಣದು. ಅದನ್ನು ಹೇಳುವ ಮೊದಲು ಚಾಚಿಯ ವಿಷಯ ಹೇಳಬೇಕು.

ಆ ಜೀಪನ್ನು ಅಪ್ಪ ಊಟಿ ಆಚೆಯ ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದದ್ದಂತೆ. ಹಿಂದೆ ಎದುರುಬದುರು ಎರಡು ಬೆಂಚು ಹಾಕಿಸಿ ಅದರಲ್ಲಿ ಅರಿಶಿನದ ಮೂಟೆ, ನೆಂಟರು, ಒಂದೊಂದು ಸಲ ಕರು, ಎಲ್ಲವನ್ನೂ ಸಾಗಿಸಿದ. ಅವನು ಹೋದ ಮೇಲೆ ಜೀಪು ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ನಿಂತೇಬಿಟ್ಟಿತು. ಎಂಜಿನ್ನು ಗಟ್ಟಿ, ಮೈ ಮಾತ್ರ ಹಪ್ಪಳ. ಬಾನೆಟ್ಟಿನ ಮೂಲಕ ಆಕಾಶ ಕಾಣುತ್ತಿತ್ತು, ತಳದ ಮೂಲಕ ನೆಲ ಕಾಣುತ್ತಿತ್ತು. ಇದನ್ನು ಮತ್ತೆ ಮೊದಲಿನಂತೆ ಮಾಡಿಸುತ್ತೇನೆ ಎಂದು ನಾನು ಹೇಳಿದಾಗ ನಮ್ಮನೆಯವಳು, "ನಿಮಗೆ ಇರೋ ಚಿಂತೆ ಸಾಲದಾ, ಅದಕ್ಕೂ ನಾಲ್ಕು ಚಕ್ರ ಬೇಕಾ" ಅಂದಳು. ಅವಳ ಲೆಕ್ಕದಲ್ಲಿ ನಾನು ರೈತರಿಗೆ ಮಾರಿ ಉಳಿದ ಗೊಬ್ಬರವನ್ನೆಲ್ಲ ಚಿಂತೆಗೇ ಹಾಕಿ ಬೆಳೆಸುವವನು.

ಹೊಸ ಬಾನೆಟ್ಟು ಎಲ್ಲಿಯೂ ಸಿಗುವಂಥದ್ದಲ್ಲ, ಮಾಡಿಸಬೇಕು. ಮೊದಲು ಬದನಗುಪ್ಪೆಯ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಅಲ್ಲೊಂದು ಕಾರ್ಖಾನೆಯಲ್ಲಿ ತಗಡು ಬಗ್ಗಿಸುವ ದೊಡ್ಡ ಮಿಷಿನ್ನು ಇತ್ತು. ಅಲ್ಲಿನ ಮ್ಯಾನೇಜರ್ ಬಹಳ ಮರ್ಯಾದಸ್ಥ. ಟೀ ಕೊಟ್ಟು, ನೂರು ಪೀಸ್ ಆದರೆ ಖಂಡಿತ ಮಾಡಿಕೊಡ್ತೀವಿ ಸಾರ್ ಅಂದರು. ಒಂದು ಬಾನೆಟ್ಟಿಗೇ ನಿದ್ದೆಗೆಟ್ಟವನು ನಾನು. ನೂರು ಬಾನೆಟ್ಟು ಇಟ್ಟುಕೊಂಡು ಯಾವ ದೇಶದ ಮೇಲೆ ದಂಡೆತ್ತಿ ಹೋಗಲಿ?

ನಮ್ಮೂರಿನ ಮೆಕ್ಯಾನಿಕ್ ಮೇಸ್ತ್ರಿ ದಾರಿ ತೋರಿಸಿದ. ಗಾಡಿಗಳ ಎಂಜಿನ್ ಕೆಲಸ ಅವನದು. ಮೈ ಕೆಲಸವೆಲ್ಲ ಚಾಮರಾಜನಗರದ ಒಬ್ಬ ತಗಡಿನ ಸಾಹೇಬರಿಗೆ ಕಳಿಸುತ್ತಿದ್ದ. ಕಳಿಸುವಾಗ ಒಂದು ಮಾತನ್ನೂ ಅಂಟಿಸಿಯೇ ಕಳಿಸಿದ.

"ಸಾಬ್ರುಗೆ ಕಿವಿ ಓಗದೆ ಅಂತ ಎಲ್ರೂ ಅಂತಾವ್ರೆ ಕಣಣ್ಣ. ಕಿವಿ ಇಲ್ದೆ ತಗಡು ಬಡಿಯಾಕಾಯ್ತದ? ನಿನ್ ಬಾನೆಟ್ಟೇ ಪರೀಕ್ಷೆ. ರೋಡ್ನಲ್ಲಿ ಬಡ್ಕತ್ತಾ, ನಾಳಿಂದ ನನ್ ಗಾಡಿ ಒಂದೂ ಅಲ್ಲಿಗೆ ಓಗಲ್ಲ."

ಅವನ ಗಾಡಿಗಳು ಹೋಗದಿದ್ದರೆ ಸಾಹೇಬರ ಅಂಗಡಿಗೆ ಹೋಗುವುದು ನೊಣ ಮಾತ್ರ ಎಂದು ಆಮೇಲೆ ತಿಳಿಯಿತು. ಪರೀಕ್ಷೆ ಸಾಹೇಬರದು, ಚಿಂತೆ ನನ್ನದು.

ಸಾಹೇಬರ ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಆಲೆಮನೆಯ ಕೊಪ್ಪರಿಗೆ, ನೀರಿನ ಡ್ರಮ್ಮು, ಲಾರಿಯ ಬಾಗಿಲು, ಯಾವುದೋ ಸ್ಕೂಲ್ ವ್ಯಾನಿನ ಅರ್ಧ ಮುಖ, ಎಲ್ಲವೂ ಒಂದರ ಮೇಲೊಂದು. ಸಾಹೇಬರು ಎತ್ತರದ ಆಳು, ಗಡ್ಡಕ್ಕೆ ಮೆಹಂದಿ, ಮಾತಿಗೆ ಕಡಿವಾಣವಿಲ್ಲ. ತಾನು ಮಾಡಿದ ಮಡ್‌ಗಾರ್ಡನ್ನು ನೋಡಿ ಕಂಪನಿಯವರೇ ನಾಚಿಕೊಂಡರು ಎಂಬಲ್ಲಿಂದಲೇ ಅವರ ಮಾತು ಶುರು. ತಾವೇ ಮಿಷಿನ್ ವಿಷಯ ಎತ್ತಿ, "ಬದನಗುಪ್ಪೆ ಮಿಷಿನ್ಗೆ ಕಿವಿ ಅದಾ ಸಾವ್ಕಾರ್ರೆ?" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತ ಅವರ ಕಿವಿಯನ್ನೇ ನೋಡುತ್ತಿದ್ದೆ.

ಮನೆಗೂ ಅಂಗಡಿಗೂ ನಡುವಿನ ಹೊಸ್ತಿಲಲ್ಲಿ ಚಾಚಿ ಕೂತಿರುತ್ತಿದ್ದರು. ಸಾಹೇಬರ ಹೆಂಡತಿ, ಬೀದಿಯವರೆಲ್ಲ ಚಾಚಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೆಯೇ ಅಂದೆ. ಗಿಡ್ಡ ಮೈ, ದಪ್ಪ ಕನ್ನಡಕ, ಕೈಯಲ್ಲಿ ಯಾವಾಗಲೂ ಮೊರ. ಮೊರದಲ್ಲಿ ಅಕ್ಕಿ. ಗಂಡ ಬಡಿಯುತ್ತಿದ್ದರೆ ಹೆಂಡತಿ ಕೇರುತ್ತಿದ್ದರು. ನಾನು ಏನಾದರೂ ಕೇಳಿದರೆ ಸಾಹೇಬರು ಉತ್ತರಿಸುವುದಕ್ಕೆ ಮೊದಲೇ ಚಾಚಿ ಉತ್ತರಿಸಿಬಿಡುತ್ತಿದ್ದರು. ಎಷ್ಟು ದಿನ ಆಗುತ್ತೆ ಅಂದರೆ, "ಆದಷ್ಟ್ ದಿನ ಆಯ್ತದೆ." ಗಟ್ಟಿ ಬರುತ್ತಾ ಅಂದರೆ, "ನೀವ್ ಗಟ್ಟಿಯಾಗಿರಿ ಸಾಕು." ನನ್ನನ್ನು ಒಂದೇ ನೋಟಕ್ಕೆ ಅಳೆದುಬಿಟ್ಟಿದ್ದರು.

ವಾರಕ್ಕೊಂದು ಸಲವೋ ಎರಡು ಸಲವೋ ನಾನು ಹೋಗಿ ಕೂರುತ್ತಿದ್ದೆ. ಅಲ್ಲಿ ನನ್ನಿಂದ ಆಗುವ ಕೆಲಸ ಏನೂ ಇರಲಿಲ್ಲ. ಆದರೆ ಚಿಂತೆ ಮಾಡುವವನಿಗೆ ದೂರದಿಂದ ಮಾಡಿದರೆ ಸಮಾಧಾನವಿಲ್ಲ, ಎದುರಿಗೇ ಕೂತು ಮಾಡಬೇಕು. ಹಳೆಯ ಬಾನೆಟ್ಟಿನ ಮೇಲೆ ಕಾಗದ ಹರಡಿ ಅಚ್ಚು ತೆಗೆದರು. ಹೊಸ ತಗಡು ಕತ್ತರಿಸಿದರು. ಮರಳು ತುಂಬಿದ ಚರ್ಮದ ಚೀಲದ ಮೇಲೆ ಅದನ್ನಿಟ್ಟು ಹುಣಸೆ ಮರದ ಕೊಡತಿಯಲ್ಲಿ ಬಡಿಯುತ್ತ ಬಡಿಯುತ್ತ, ಚಪ್ಪಟೆ ತಗಡಿಗೆ ಆನೆಯ ಬೆನ್ನಿನಂಥ ಸಣ್ಣ ಡುಬ್ಬ ತಂದರು. ನೋಡುವುದಕ್ಕೆ ಚೆಂದ. ನಾನು ಮಾತ್ರ ಪ್ರತಿ ಏಟಿಗೂ ಬೆಚ್ಚುತ್ತಿದ್ದೆ.

ಆಗಲೇ ನನಗೊಂದು ಅನುಮಾನ ಬಂದದ್ದು. ಬೀಜ ಮಾರುವವನ ಕಣ್ಣು ನನ್ನದು. ಕಾಳು ಕಂಡರೆ ಕಲ್ಲು ಹುಡುಕುತ್ತದೆ. ಚಾಚಿಯ ಮೊರದ ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ, ಹೊಟ್ಟೂ ಇರಲಿಲ್ಲ. ಮುಂದಿನ ವಾರ ಹೋದಾಗಲೂ ಅದೇ ಅಕ್ಕಿ. ಕೇರಿ ಕೇರಿ ಅರ್ಧ ನುಚ್ಚಾಗಿತ್ತು. ಈ ಅಕ್ಕಿಯನ್ನು ಯಾಕೆ ಕೇರುತ್ತಾರೆ? ತಲೆ ಸರಿಯಿದೆಯೋ ಇಲ್ಲವೋ? ಪಾಪ, ವಯಸ್ಸಾಯಿತು ಎಂದು ಅವರ ಬಗ್ಗೆಯೂ ಒಂದಿಷ್ಟು ಚಿಂತೆ ಹೊತ್ತುಕೊಂಡು ಮನೆಗೆ ಬಂದೆ.

ಗುಟ್ಟು ಒಡೆದದ್ದು ನನ್ನ ಬಾಯಿಂದಲೇ.

ಆ ದಿನ ಸಾಹೇಬರು ಬಾನೆಟ್ಟಿನ ನಡುಮಧ್ಯೆ ಬಡಿಯುತ್ತಿದ್ದರು. ನಾನು ಚಾಚಿಯ ಪಕ್ಕದ ಸ್ಟೂಲಿನಲ್ಲಿ ಕೂತು ನನ್ನ ಬಿ.ಪಿ. ವಿಷಯ ತೆಗೆದೆ. ಅದಾದ ಮೇಲೆ ಮಗಳ ಕೆಮ್ಮು. ಅದಾದ ಮೇಲೆ, ಆ ಕೆಮ್ಮನ್ನು ನಾನು ರಾತ್ರಿಯೆಲ್ಲ ಏನೇನು ರೋಗ ಅಂದುಕೊಂಡೆ ಎಂಬುದು. ಚಾಚಿಗೆ ರೋಗದ ಕಥೆ ಅಂದರೆ ಪ್ರಾಣ. "ಮೆಣಸಿನ ಕಷಾಯ ಕೊಟ್ರಾ? ಜೇನು? ಅಯ್ಯ, ಒಣ ಕೆಮ್ಮಾ ಕಫದ್ದಾ, ಅದ್ನ ಏಳಿ ಮೊದ್ಲು." ನಾನು ಕೆಮ್ಮಿ ತೋರಿಸಿದೆ. ಅವರು ತಲೆಯಾಡಿಸುತ್ತ ಕೇಳುತ್ತಿದ್ದರು, ಕೈ ತನ್ನಷ್ಟಕ್ಕೆ ತಾನು ಮೊರ ಆಡಿಸುತ್ತಿತ್ತು. ಸಾಹೇಬರು ಬಡಿಯುತ್ತಲೇ ಇದ್ದರು, ಒಂದೇ ಜಾಗಕ್ಕೆ.

ಇದ್ದಕ್ಕಿದ್ದಂತೆ ಚಾಚಿ ಮೊರವನ್ನು ಕೆಳಗೆ ಬಿಟ್ಟರು. ಅಕ್ಕಿ ನೆಲದ ತುಂಬ. ಓಡಿಹೋಗಿ ಗಂಡನ ಕೈ ಹಿಡಿದರು. ತಗಡಿನ ನಡುವೆ ಇಡ್ಲಿಯಷ್ಟಗಲ ಉಬ್ಬು ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಟೊಪ್ ಎಂದು ಒಳಗೆ, ಬಿಟ್ಟರೆ ಟೊಪ್ ಎಂದು ಹೊರಗೆ. ಸಾಹೇಬರು ತಗಡನ್ನು ನೋಡಲಿಲ್ಲ, ನೆಲದ ಮೇಲಿನ ಅಕ್ಕಿ ನೋಡಿದರು, ಹೆಂಡತಿಯ ಮುಖ ನೋಡಿದರು, ಕೊನೆಗೆ ನನ್ನ ಮುಖ. ಆ ಮುಖದಲ್ಲಿ ಜಂಬ ಒಂದು ಚೂರೂ ಇರಲಿಲ್ಲ. ಸಿಕ್ಕಿಬಿದ್ದವರ ಮುಖ.

ನನಗೆ ಆಗ ಎಲ್ಲ ಹೊಳೆಯಿತು. ಮೊರ ಆಡುತ್ತಿದ್ದರೆ ಬಡಿ ಎಂದರ್ಥ. ಮೊರ ನಿಂತರೆ ಆ ಜಾಗ ಸಾಕು. ಎಡಕ್ಕೆ ವಾಲಿದರೆ ಎಡಕ್ಕೆ ಸರಿ. ತಗಡು ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದು ಏಟಿನ ಸದ್ದಿನಲ್ಲೇ ತಿಳಿಯಬೇಕು. ಸದ್ದು ಕೇಳುತ್ತಿದ್ದದ್ದು ಹೆಂಡತಿಗೆ, ಕೈ ಗಂಡನದು. ನಡುವೆ ಆ ಅಕ್ಕಿ. ನಾನು ಕೆಮ್ಮಿ ತೋರಿಸುವಾಗ ಚಾಚಿ ಮೊರ ನಿಲ್ಲಿಸುವುದನ್ನು ಮರೆತಿದ್ದರು, ಅಷ್ಟೆ.

ಸಾಹೇಬರು ಕೊಡತಿ ಕೆಳಗಿಟ್ಟರು. ಆಮೇಲೆ ಚಾಚಿ ನನ್ನ ಕಡೆ ತಿರುಗಿದರು. "ನಿಮ್ ಕೆಮ್ಮಿಗೆ ನಮ್ ಬಾನೆಟ್ಟು ಉಬ್ಬೋಯ್ತಲ್ಲ ಸಾವ್ಕಾರ್ರೆ."

"ಮೇಸ್ತ್ರಿಗೆ ಹೇಳಲ್ಲ ಚಾಚಿ," ಅಂದೆ.

"ಕೆಮ್ಮಿನ್ ವಿಷ್ಯವಾ?" ಅಂದರು. ಅಷ್ಟರಲ್ಲೇ ಅವರ ಮುಖಕ್ಕೆ ಜೀವ ಬಂದಿತ್ತು.

ಉಬ್ಬನ್ನು ಇಳಿಸುವ ಕೆಲಸ ಬಡಿಯುವುದಕ್ಕಿಂತ ಕಷ್ಟ. ಸಾಹೇಬರು ಗ್ಯಾಸಿನ ಬೆಂಕಿ ಹಿಡಿದು ನಾಣ್ಯದಷ್ಟಗಲ ಕೆಂಪಗೆ ಕಾಯಿಸಿ, ಒದ್ದೆ ಗೋಣಿ ಒತ್ತಿ, ತಗಡನ್ನು ಮತ್ತೆ ಕುಗ್ಗಿಸುತ್ತ ಹೋದರು. ಪ್ರತಿ ಸಲ ಚುಸ್ ಎಂದು ಹಬೆ. ಈ ಸಲ ಮೊರ ಇರಲಿಲ್ಲ. ಚಾಚಿ ನೇರವಾಗಿ ಎದುರಿಗೇ ನಿಂತು, ಬೆರಳಿನಿಂದ ತಗಡು ತಟ್ಟಿ ತಟ್ಟಿ ಕೇಳುತ್ತಿದ್ದರು. "ಹಸಿ ಅದೆ. ಇನ್ನೂ ಹಸಿ. ಹಾಂ... ಬೆಂತು." ತಗಡಿನ ಸದ್ದಿಗೆ ಅವರ ಬಳಿ ಇದ್ದದ್ದು ಅನ್ನದ ಮಾತು. ಹಸಿ ಸದ್ದು, ಬೆಂದ ಸದ್ದು. ನನಗೆ ಎರಡೂ ಒಂದೇ ಥರ ಕೇಳಿತು. ಕೆಲಸ ಮುಗಿದ ಮೇಲೆ ತುಕ್ಕು ಹಿಡಿಯದಿರಲಿ ಎಂದು ಇಡೀ ಬಾನೆಟ್ಟಿಗೆ ಹೊಂಗೆ ಎಣ್ಣೆ ಸವರಿದರು. ಪೇಂಟಿಗೆ ಮೊದಲು ಎಣ್ಣೆ ಸವರಿದರೆ ಪೇಂಟು ಕೂರುತ್ತದೋ ಇಲ್ಲವೋ ಎಂದು ನಾನು ಬಾಯಿ ತೆರೆದೆ. ಚಾಚಿ ನೋಡಿದ ನೋಟಕ್ಕೆ ಮುಚ್ಚಿದೆ.

ಆ ದಿನದಿಂದ ಚಾಚಿ ನನ್ನ ಮುಂದೆ ಮೊರದ ನಾಟಕ ಬಿಟ್ಟುಬಿಟ್ಟರು. ಬೇರೆ ಗಿರಾಕಿ ಬಂದರೆ ಮಾತ್ರ ಕೈಗೆತ್ತಿಕೊಳ್ಳುತ್ತಿದ್ದರು. ತಳದ ತಗಡು ಆಯಿತು, ಮಡ್‌ಗಾರ್ಡ್ ಆಯಿತು, ಟ್ಯಾಂಕು ಆಯಿತು. ಟ್ಯಾಂಕಿಗೆ ಸೋಪಿನ ನೀರು ಬಳಿದು, ಒಳಗೆ ಗಾಳಿ ಊದಿ, ಗುಳ್ಳೆ ಏಳುತ್ತದೋ ಎಂದು ನಾನೇ ಕೂತು ಕಾದೆ. ಗುಳ್ಳೆ ಏಳಲಿಲ್ಲ. ಅದೇ ಒಂದು ಅನುಮಾನವಾಯಿತು. ಜೀಪನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಚಾಮರಾಜನಗರಕ್ಕೆ ತಂದು, ಮೇಸ್ತ್ರಿಯೂ ಬಂದು, ಒಂದೊಂದನ್ನೇ ಕೂರಿಸಿ ಎಂಜಿನ್ ಎಬ್ಬಿಸಿದ್ದಾಯಿತು.

ಹೊರಡುವ ಹಿಂದಿನ ದಿನ ಚಾಚಿ ಒಂದು ಮಾತು ಹೇಳಿದರು. ತಾನೂ ಬರುವೆ ಎಂದು. ಸಾಹೇಬರು ಬೇಡವೆಂದರು, ಬೆನ್ನು ಮುರಿಯುತ್ತದೆ ಅಂದರು. ಚಾಚಿ ಅವರನ್ನು ಬಿಟ್ಟು ನನಗೆ ಹೇಳಿದರು:

"ಇಷ್ಟ್ ವರ್ಸ ಬಡಿಯಾದ್ನೇ ಕೇಳಿವ್ನಿ. ಆದ್ ಮೇಲೆ ಯಾರ್ಯಾರೋ ಬಂದು ತಗಂಡೋಯ್ತಾರೆ. ರೋಡ್ನಲ್ಲಿ ಅದು ಎಂಗೆ ಸದ್ದ್ ಮಾಡ್ತದೆ, ಸುಮ್ನಿರ್ತದಾ ಇಲ್ವಾ, ನಂಗೇನ್ ಗೊತ್ತು? ಒಂದಪ, ಒಂದೇ ಒಂದ್ಸಲ, ಕೇಳ್ಬೇಕು."

ಅಡುಗೆ ಮಾಡಿ ಮಾಡಿ ಕಳಿಸಿ, ಊಟ ಮಾಡುವವರನ್ನು ಒಮ್ಮೆಯೂ ನೋಡದವರ ಮಾತಿನಂತೆ ಇತ್ತು ಅದು. ನಾನು ಹೂಂ ಅಂದೆ. ಅಂದಮೇಲೆ ಬೆಂಚಿನಿಂದ ಚಾಚಿ ಉರುಳಿದರೆ ಎಂಬ ಇನ್ನೊಂದು ಚಿಂತೆಯೂ ಸೇರಿಕೊಂಡಿತು.

ಬೆಳಗ್ಗೆ ಹೊರಟೆವು. ಇನ್ನೂ ಪೇಂಟು ಕಾಣದ ಬಾನೆಟ್ಟಿನಿಂದ ಹೊಂಗೆ ಎಣ್ಣೆಯ ಘಾಟು ಹೊಡೆಯುತ್ತಿತ್ತು. ನಾನು ಟ್ಯಾಂಕಿನ ಮೇಲೆ. ಪಕ್ಕದಲ್ಲಿ ಮೇಸ್ತ್ರಿ, ತಲೆಯನ್ನು ಬಾನೆಟ್ಟಿನ ಕಡೆಗೆ ಓರೆ ಮಾಡಿ, ಎದೆ ಪರೀಕ್ಷೆ ಮಾಡುವ ಡಾಕ್ಟರ ಹಾಗೆ ಕೂತಿದ್ದ. ಹಿಂದಿನ ಬೆಂಚುಗಳಲ್ಲಿ ಎದುರುಬದುರಾಗಿ ಸಾಹೇಬರು ಮತ್ತು ಚಾಚಿ. ನಮಗೆಲ್ಲ ಬುತ್ತಿ ಕಟ್ಟಲೆಂದು ಚಾಚಿ ಇನ್ನೂ ಕತ್ತಲಿರುವಾಗಲೇ ಎದ್ದಿದ್ದರಂತೆ. ತಲೆಗೆ ಬಿಗಿಯಾಗಿ ಸೆರಗು ಸುತ್ತಿ, ಒಂದು ಕಿವಿ ಮಾತ್ರ ಹೊರಗೆ ಬಿಟ್ಟುಕೊಂಡಿದ್ದರು. ಬುತ್ತಿಯ ಚೀಲ ತೊಡೆಯ ಮೇಲೆ.

ಊರು ದಾಟಿದೆವು. ಮೇಸ್ತ್ರಿಯ ತಲೆ ಓರೆಯಾಗಿಯೇ ಇತ್ತು. ನನ್ನ ಕಿವಿಗೆ ನನ್ನ ಎದೆಯ ಸದ್ದೇ ಬಾನೆಟ್ಟಿನ ಸದ್ದಿನಂತೆ ಕೇಳುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಸಾಹೇಬರು ರಸ್ತೆಯನ್ನಾಗಲಿ ಹೊಲವನ್ನಾಗಲಿ ನೋಡುತ್ತಿರಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಹುಬ್ಬು ಗಂಟಾಯಿತೋ, ತುಟಿ ಸೊಟ್ಟಗಾಯಿತೋ... ತನಗೆ ಕೇಳದ ಬಾನೆಟ್ಟನ್ನು ಆ ಮುಖದಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಒಂದು ಹಳ್ಳದಲ್ಲಿ ಜೀಪು ಎತ್ತಿ ಕುಕ್ಕಿತು. ಸಾಹೇಬರು ಬೆಂಚಿನ ಕಂಬಿಯನ್ನು ಬಿಗಿಹಿಡಿದದ್ದು ಕಂಡಿತು. ಚಾಚಿಯ ಮುಖದಲ್ಲಿ ಏನೂ ಇಲ್ಲ.

ಇನ್ನೊಂದಿಷ್ಟು ದೂರ ಹೋದ ಮೇಲೆ ಮತ್ತೆ ಕನ್ನಡಿ ನೋಡಿದೆ. ಸಾಹೇಬರು ಎದ್ದು ಆ ಕಡೆಯ ಬೆಂಚಿಗೆ ಹೋಗಿದ್ದರು. ಚಾಚಿಯ ತಲೆ ಅವರ ಭುಜದ ಮೇಲೆ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಏನಾಯಿತೋ ಎಂದು ಗಾಬರಿಯಾಗಿ ಬ್ರೇಕಿನ ಮೇಲೆ ಕಾಲಿಟ್ಟೆ. ಮೇಸ್ತ್ರಿ ತಿರುಗಿ ನೋಡಿ, "ಅಯ್ಯೋ ಬುಡಣ್ಣ, ನಿದ್ದೆ ಒಡೀತಾವ್ರೆ. ಎಬ್ಬುಸ್ಲಾ?" ಅಂದ.

ಸಾಹೇಬರು ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರಿ ಎಂದು ಸನ್ನೆ ಮಾಡಿದರು. ಕಿವಿ ಕೇಳದ ಮನುಷ್ಯ ನಮ್ಮಿಬ್ಬರಿಗೆ ಸದ್ದು ಮಾಡಬೇಡಿ ಅಂದದ್ದು. ಅವರ ಗಡ್ಡದೊಳಗೆ ನಗು ಹರಡುತ್ತಿತ್ತು. ಗುಂಡ್ಲುಪೇಟೆಯವರೆಗೂ ಆ ನಗು ಹೋಗಲಿಲ್ಲ.

ನಮ್ಮ ಗೋದಾಮಿನ ಮುಂದೆ ಎಂಜಿನ್ ಆಫ್ ಮಾಡಿದೆ. ಸದ್ದು ನಿಂತದ್ದಕ್ಕೇ ಚಾಚಿಗೆ ಎಚ್ಚರವಾಯಿತು. ಗಾಬರಿಯಿಂದ ಎದ್ದು ಕೂತು, "ಯಾಕ್ ನಿಂತೋಯ್ತು? ಕೆಟ್ಟೋಯ್ತಾ?" ಅಂದರು. ಮೇಸ್ತ್ರಿ ನಕ್ಕುಬಿಟ್ಟ. ಊರು ಬಂದಿದೆ ಎಂದು ತಿಳಿದ ಮೇಲೆ ಅವರಿಗೆ ಬಂದ ಕೋಪ ನೋಡಬೇಕಿತ್ತು. ಗಂಡನ ತೋಳಿಗೆ ಗುದ್ದಿದರು. ಎಬ್ಬಿಸಬಾರದಿತ್ತಾ, ಇದಕ್ಕೇ ಬಂದೋಳು ನಾನು, ನಿಮಗಂತೂ ಕೇಳಲ್ಲ, ಇವರಿಗೆ ಕೇಳಿದರೂ ತಿಳಿಯಲ್ಲ, ನಾನೊಬ್ಬಳು ಕೇಳಬೇಕಾಗಿತ್ತು... ಕೋಪದಲ್ಲಿ ಗುಟ್ಟು ಬೀದಿಗೆ ಬಿದ್ದದ್ದು ಅವರಿಗೇ ತಿಳಿಯಲಿಲ್ಲ.

ನಾನು ಮೇಸ್ತ್ರಿಯ ಮುಖ ನೋಡಿದೆ. ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದ. ಸಾಹೇಬರು ಅವನ ಮುಂದೆ ಹೋಗಿ ನಿಂತು, ಹಳೆಯ ಜಂಬದ ಗಂಟಲಲ್ಲೇ ಹೇಳಿದರು: "ಹಸಿ ಸದ್ದಿದ್ರೆ ಇವ್ಳು ಮಲಗ್ತಿದ್ಲಾ? ಇಡೀ ಗುಂಡ್ಲುಪೇಟೆನೇ ಮಲಗಾಕ್ ಬುಡ್ತಿರ್ಲಿಲ್ಲ."

ಮೇಸ್ತ್ರಿ ಬೆರಳಲ್ಲಿ ಬಾನೆಟ್ಟನ್ನು ಒಮ್ಮೆ ತಟ್ಟಿದ. ಆಮೇಲೆ ಚಾಚಿಯ ಕಡೆ ತಿರುಗಿ, "ಚಾಚಿ, ನಂದೊಂದ್ ಲಾರಿ ಡೋರ್ ಅದೆ. ಸೋಮ್ವಾರ ಕಳುಸ್ಲಾ?" ಅಂದ. ಕೇಳಿದ್ದು ಚಾಚಿಯನ್ನು, ಸಾಹೇಬರನ್ನಲ್ಲ. ಚಾಚಿ ಬುತ್ತಿಯ ಚೀಲ ಸರಿಮಾಡಿಕೊಳ್ಳುತ್ತ, "ಕಳ್ಸು. ತುಕ್ಕಿಡಿದಿದ್ರೆ ಮೊದ್ಲೇ ಏಳು," ಅಂದರು. ಅವರ ಕೋಪ ಇನ್ನೂ ಇಳಿದಿರಲಿಲ್ಲ.

ಇನ್ನೊಂದು ಸಲ ಕರೆದುಕೊಂಡು ಹೋಗುತ್ತೇನೆ, ಈ ಸಲ ಮಲಗಲು ಬಿಡುವುದಿಲ್ಲ ಎಂದು ನಾನು ಮಾತು ಕೊಟ್ಟೆ. ರಂಜಾನ್ ಆಗಲಿ ಅಂದರು. ಆಮೇಲೆ ಮಂಡಿ ನೋವು ಅಂದರು. ಆಮೇಲೆ ಮಳೆ. ಮೇಸ್ತ್ರಿಯ ಗಾಡಿಗಳು ಹೋಗುತ್ತಲೇ ಇದ್ದವು, ಮೊರವೂ ಆಡುತ್ತಲೇ ಇತ್ತು. ಆದರೆ ಈ ಕಡೆ ಬರುವ ದಿನ ಮಾತ್ರ ಹೊಂದಲೇ ಇಲ್ಲ. ಚಾಚಿ ಹೋದ ಸುದ್ದಿಯನ್ನು ಮೇಸ್ತ್ರಿಯೇ ಬಂದು ಹೇಳಿದ. ಅಷ್ಟೊಂದು ಚಿಂತೆ ಮಾಡುವವನು ನಾನು, ಅದೊಂದನ್ನು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ಸಾಹೇಬರು ಈಗ ಸಂತೆಮರಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಬಡಿಯುವುದನ್ನು ಬಿಟ್ಟಿದ್ದಾರೆ. ಅಂಗಡಿಯಲ್ಲಿ ಅಳಿಯ ಅಲ್ಯೂಮಿನಿಯಂ ಕಿಟಕಿ ಮಾಡುತ್ತಾನೆ. ನಾನು ಭಾನುವಾರ ಜೀಪು ತೆಗೆದು ತೆರಕಣಾಂಬಿವರೆಗೆ ಹೋಗಿ ಬರುತ್ತೇನೆ. ಬ್ಯಾಟರಿ ಸತ್ತೀತು ಎಂಬ ಭಯ. ಬಾನೆಟ್ಟು ಈಗಲೂ ಸುಮ್ಮನಿದೆ. ನಾನು ಕಿವಿ ಕೊಟ್ಟು ಕೇಳುತ್ತೇನೆ. ನನಗೆ ಕೇಳಿದರೇನು, ಹಸಿಯೋ ಬೆಂದದ್ದೋ ಹೇಳುವವರಿಲ್ಲ... ಟ್ಯಾಂಕು ಸೋರಲಿಲ್ಲ, ಬ್ರೇಕು ಕೈಕೊಡಲಿಲ್ಲ, ಲಾರಿ ಬರಲಿಲ್ಲ. ಆ ದಾರಿಯಲ್ಲಿ ಕೆಟ್ಟದ್ದು ಅಂತ ಇದ್ದರೆ ಇಷ್ಟೇ: ಕೇಳಲೆಂದು ಬಂದವರಿಗೆ ನಿದ್ದೆ ಬಂತು, ನಾವು ಎಬ್ಬಿಸಲಿಲ್ಲ.